ನಾನ್ ಮೂವಿಂಗ್

ಸರ್ವೆಯ ಹುಡುಗ ಬಂದದ್ದು ಆಟಿ ತಿಂಗಳ ಒಂದು ಮಧ್ಯಾಹ್ನ. ಕಿನ್ನಿಗೋಳಿ ಕಡೆ ಆ ವಾರ ಮಳೆ ಬಿಟ್ಟದ್ದೇ ಇಲ್ಲ. ಜಗಲಿಯ ಮೂಲೆಯಲ್ಲಿ ರೈನ್‌ಕೋಟ್ ಬಿಚ್ಚಿಟ್ಟು, ಪ್ಲಾಸ್ಟಿಕ್ ಕವರಿನಿಂದ ಟ್ಯಾಬ್ ಹೊರಗೆ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿಕೊಂಡ. ಕೇಂದ್ರ ಸರಕಾರದ ಉದ್ಯೋಗ ಸಮೀಕ್ಷೆ, ಚೀಟಿ ಎತ್ತಿದ ಹಾಗೆ ನಿಮ್ಮ ಮನೆ ಬಂದಿದೆ ಎಂದ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಅವನ ಗುರುತಿನ ಕಾರ್ಡ್ ನೋಡಿದಳು, ಒದ್ದೆ ಕಾಲು ನೋಡಿದಳು, ಚಹಾ ಇಡಲು ಒಳಗೆ ಹೋದಳು.

“ಸರ್, ಪ್ರಾಯ?”

“56.”

“ಓದಿದ್ದು?”

“ಬಿಕಾಂ.”

“ಕಳೆದ 365 ದಿನದಲ್ಲಿ ಜಾಸ್ತಿ ದಿನ ಎಂತ ಮಾಡ್ತಾ ಇದ್ರಿ?”

ಮೊದಲ ಎರಡಕ್ಕೆ ಥಟ್ಟನೆ ಬಂದ ಉತ್ತರ ಮೂರನೆಯದಕ್ಕೆ ಬರಲಿಲ್ಲ. ಹುಡುಗ ಪಾಪ, ಕಾಯುತ್ತಾ ಕೂತ. ಮಾಡಿನ ನೀರು ಅಂಗಳಕ್ಕೆ ಸುರಿಯುವ ಸದ್ದು ಮಾತ್ರ. ಕೊನೆಗೆ ಟ್ಯಾಬನ್ನೇ ನನ್ನ ಕಡೆ ತಿರುಗಿಸಿ, ಯಾವುದು ಸರಿಯಾಗ್ತದೆ ನೀವೇ ನೋಡಿ ಸರ್ ಎಂದ.

ಅದರಲ್ಲಿ ಮನುಷ್ಯರಿಗೆಲ್ಲ ನಂಬರ್ ಉಂಟು. ಸ್ವಂತ ಉದ್ಯೋಗದವರು 11. ಮನೆಯದೇ ಕಸುಬಿನಲ್ಲಿ ಸಂಬಳವಿಲ್ಲದೆ ದುಡಿಯುವವರು 21. ತಿಂಗಳ ಸಂಬಳದವರು 31. ದಿನಗೂಲಿ 51. ಕೆಲಸ ಇಲ್ಲ, ಹುಡುಕುತ್ತಿದ್ದಾರೆ, ಅಥವಾ ಸಿಕ್ಕಿದರೆ ಮಾಡಲು ತಯಾರಿದ್ದಾರೆ ಅಂತಾದರೆ 81. ಮನೆಗೆಲಸ ಮಾತ್ರ ಮಾಡುವವರು 92. ಪಿಂಚಣಿಯಲ್ಲಿ, ಬಾಡಿಗೆಯಲ್ಲಿ, ಯಾರೋ ಕಳಿಸಿದ ಹಣದಲ್ಲಿ ಬದುಕುವವರು 94. ಎಲ್ಲೂ ಸೇರದವರಿಗೆ 97, ಇತರೆ. ನನ್ನ ಬೆರಳು ಅಲ್ಲಿಗೆ ಹೋದದ್ದು ನೋಡಿ ಹುಡುಗ ಗಾಬರಿಯಾದ. “ಅದು ಬೇಡ ಸರ್. ಭಿಕ್ಷೆ ಬೇಡುವವರೆಲ್ಲ ಅದ್ರಲ್ಲಿ ಬರ್ತಾರೆ.”

“ಕೆಲಸ ಹುಡುಕ್ತಾ ಇದ್ದೀರಾ ಸರ್?”

“ಹುಡುಕ್ತಾ ಇದ್ದೆ.”

“ಈಗ ಸಿಕ್ಕಿದ್ರೆ ಮಾಡ್ತೀರಾ?”

“ಸಿಕ್ಕಿದ್ರೆ ಯಾಕೆ ಬಿಡುದು?”

“ಹಾಗಾದ್ರೆ 81 ಆಗ್ಬಹುದು.” ಅವನಿಗೇ ಸಮಾಧಾನ ಇರಲಿಲ್ಲ. ಅಂಗಳದ ಆಚೆ ನೋಡಿ ಕೇಳಿದ, “ತೋಟ ಉಂಟಾ ಸರ್?”

“ಉಂಟು. 40 ಅಡಿಕೆ ಮರ. ಹತ್ತು ಹನ್ನೆರಡು ತೆಂಗು.”

ಅವನ ಮುಖ ಅರಳಿತು. “ಹಾಗಾದ್ರೆ 11 ಸರ್! ಸ್ವಂತ ಉದ್ಯೋಗ.”

ಹೀಗೆ ನಾನು ಕೃಷಿಕನಾದೆ. ನಿಜ ಹೇಳಬೇಕೆಂದರೆ ಆ 40 ಅಡಿಕೆ ಮರಗಳನ್ನು ನಾನು ನೋಡಿಕೊಳ್ಳುವುದಕ್ಕಿಂತ ಅವೇ ನನ್ನನ್ನು ನೋಡಿಕೊಳ್ಳುವುದು ಜಾಸ್ತಿ. ಬೆಳಗ್ಗೆ ಒಂದು ಸುತ್ತು ಹೋಗಿ ಬಿದ್ದ ಹಾಳೆ ಹೆಕ್ಕಿ ತಂದರೆ ದಿನದ ಕೃಷಿ ಮುಗಿಯಿತು. ಹುಡುಗ ಇನ್ನೊಂದು ಪ್ರಶ್ನೆಯನ್ನೂ ಕೇಳಿದ, ಕಳೆದ 7 ದಿನದಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆಯಾದರೂ ಕೆಲಸ ಮಾಡಿದ್ದೀರಾ ಅಂತ. ಒಂದು ಗಂಟೆ ಮಾಡಿದ್ದರೆ ಸಾಕಂತೆ, ವಾರದ ಲೆಕ್ಕದಲ್ಲಿ ನಾವು ಉದ್ಯೋಗಸ್ಥರು. ನಾನು ವಾರಕ್ಕೆ ಮೂರು ಸಂಜೆ ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಸ್ಟಾಕ್ ಬರೆದು ಕೊಡುತ್ತೇನೆ. ಹಾಗಾಗಿ ಎರಡೂ ಲೆಕ್ಕದಲ್ಲಿ ಪಾಸ್.

ನಮ್ಮ ದೇಶದಲ್ಲಿ 50 ದಾಟಿದವರಲ್ಲಿ ನಿರುದ್ಯೋಗಿ ಅಂತ ಬರೆಸಿಕೊಳ್ಳುವವರು ಯಾಕೆ ಅಷ್ಟು ಕಡಿಮೆ ಅನ್ನುವುದು ನನಗೆ ಆವತ್ತು ಗೊತ್ತಾಯಿತು. ಕೆಲಸ ಹೋದವರು ಎಲ್ಲಿಗೂ ಹೋಗುವುದಿಲ್ಲ. ಸುಮ್ನೆ ತೋಟಕ್ಕೆ ಹೋಗುತ್ತಾರೆ.

ಈಗ ಅದರ ಹಿಂದಿನ ಕಥೆ. ನಾನು 1998ರಲ್ಲಿ ಬೈಕಂಪಾಡಿ ಕೈಗಾರಿಕಾ ಪ್ರದೇಶದ ಒಂದು ಕಂಪನಿಯ ಸ್ಟೋರ್ಸ್‌ಗೆ ಸೇರಿದೆ. ಹೆಸರು ಬೇಡ. 23 ವರ್ಷ ಅಲ್ಲೇ ಇದ್ದೆ, ಬಿಡುವಾಗ ಸ್ಟೋರ್ಸ್ ಸೂಪರ್‌ವೈಸರ್. ಸ್ಟೋರ್ಸ್ ಅಂದರೆ ಹೊರಗಿನವರಿಗೆ ಗೋಡೌನ್. ಒಳಗಿದ್ದವನಿಗೆ ಅದು ಕಂಪನಿಯ ಹೊಟ್ಟೆ. ಲಾರಿ ಗೇಟಿಗೆ ಬಂದದ್ದರಿಂದ ಹಿಡಿದು ಮಾಲು ರಾಕಿಗೆ ಏರುವವರೆಗೆ, ಇಂಡೆಂಟ್, ಅಂದರೆ ಮಾಲು ಬೇಕೆಂಬ ಚೀಟಿ, ಬಂದು ರಾಕಿನಿಂದ ಇಳಿಯುವವರೆಗೆ ಎಲ್ಲ ನಮ್ಮ ಕೈಯಲ್ಲಿ. ಪ್ರತಿ ಐಟಂಗೆ ಒಂದು ಬಿನ್ ಕಾರ್ಡ್. ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು. 2009ರಲ್ಲಿ ಕಂಪ್ಯೂಟರಿಗೆ ಸ್ಯಾಪ್ ಎಂಬ ಸಾಫ್ಟ್‌ವೇರ್ ಬಂತು, ಮಿಗೋ ಅಂತ ಟೈಪ್ ಮಾಡಿ ಮಾಲು ಒಳಗೆ ತೆಗೆದುಕೊಳ್ಳಲು ಕಲಿತೆವು. ನಾನು ಮಾತ್ರ ಬಿನ್ ಕಾರ್ಡ್ ಬಿಡಲಿಲ್ಲ. ಕರೆಂಟ್ ಹೋದಾಗ ಇಡೀ ಪ್ಲಾಂಟ್ ನನ್ನ ಕಾರ್ಡ್ ನೋಡಲು ಬರುತ್ತಿತ್ತು. ಇದರಲ್ಲಿ ಸ್ವಲ್ಪ ಜಂಬ ಉಂಟು, ಇರಲಿ.

ಸ್ಟೋರ್ಸಿನ ಮೊದಲ ಪಾಠ ಫಿಫೋ. ಮೊದಲು ಬಂದ ಮಾಲು ಮೊದಲು ಹೊರಗೆ ಹೋಗಬೇಕು. ಇಲ್ಲದಿದ್ದರೆ ಹಳೆಯದು ಮೂಲೆಯಲ್ಲಿ ಕೂತು ತುಕ್ಕು ಹಿಡಿಯುತ್ತದೆ. ಎರಡನೆಯ ಪಾಠ ನಾನ್ ಮೂವಿಂಗ್ ಪಟ್ಟಿ. ವರ್ಷಗಟ್ಟಲೆ ಯಾರೂ ಕೇಳದ ಐಟಂಗಳನ್ನೆಲ್ಲ ಮಾರ್ಚ್ 31ರ ಸ್ಟಾಕ್ ಟೇಕಿಂಗ್ ಹೊತ್ತಿಗೆ ಬೇರೆ ಬರೆಯಬೇಕು. ಆಮೇಲೆ ಅದರ ಬೆಲೆ ಇಳಿಸುತ್ತಾರೆ. ಆಮೇಲೆ ಗುಜರಿಯವನು ಬರುತ್ತಾನೆ.

ಮನುಷ್ಯರ ವಿಷಯದಲ್ಲಿ ಕಾನೂನು ಉಲ್ಟಾ ಹೇಳುತ್ತಿತ್ತು. 1947ರ ಇಂಡಸ್ಟ್ರಿಯಲ್ ಡಿಸ್ಪ್ಯೂಟ್ಸ್ ಆಕ್ಟ್ ಪ್ರಕಾರ ಜನ ಕಡಿಮೆ ಮಾಡುವುದಾದರೆ ಕೊನೆಗೆ ಬಂದವನು ಮೊದಲು ಹೋಗಬೇಕಿತ್ತು. ಒಂದು ತಿಂಗಳ ನೋಟಿಸ್ ಕೊಡಬೇಕಿತ್ತು, ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರ ಕೊಡಬೇಕಿತ್ತು. ಆದರೆ ಅದೆಲ್ಲ ಕಾರ್ಮಿಕ ಅನಿಸಿಕೊಂಡವನಿಗೆ. ತಿಂಗಳಿಗೆ 10,000 ರೂಪಾಯಿಗಿಂತ ಜಾಸ್ತಿ ಸಂಬಳದ ಸೂಪರ್‌ವೈಸರ್ ಆ ಕಾನೂನಿನ ಕಣ್ಣಲ್ಲಿ ಕಾರ್ಮಿಕನೇ ಆಗಿರಲಿಲ್ಲ. 2007ರಲ್ಲಿ ಪ್ರಮೋಷನ್ ಸಿಕ್ಕಾಗ ನಾನು ಆಫೀಸಿಗೆಲ್ಲ ಗೋಳಿಬಜೆ ತರಿಸಿದ್ದೆ. ಆ ಗೋಳಿಬಜೆಯ ಜೊತೆ ಏನನ್ನು ಹಂಚಿಬಿಟ್ಟೆ ಅಂತ 14 ವರ್ಷದ ನಂತರ ಗೊತ್ತಾಯಿತು.

2021ರ ಎರಡನೇ ಲಾಕ್‌ಡೌನ್ ಮುಗಿದ ಮೇಲೆ ಸ್ಟೋರ್ಸನ್ನು ಹೊರಗಿನ ಒಂದು ಏಜೆನ್ಸಿಗೆ ಕೊಡುತ್ತಾರಂತೆ ಎಂಬ ಸುದ್ದಿ ಬಂತು. ಒಂದು ಗುರುವಾರ ಎಚ್‌ಆರ್‌ನವರು ಒಬ್ಬೊಬ್ಬರನ್ನೇ ಕರೆದರು. ನಾವು ಐದು ಜನ, ಎಲ್ಲರೂ 50 ದಾಟಿದವರು. ಟೇಬಲ್ ಮೇಲೆ ನನ್ನ ರಾಜೀನಾಮೆ ಪತ್ರ ನನಗಿಂತ ಮೊದಲೇ ಬಂದು ಕೂತಿತ್ತು. ಸ್ವಂತ ಕಾರಣಗಳಿಗಾಗಿ, ಸ್ವಇಚ್ಛೆಯಿಂದ ಅಂತೆಲ್ಲ ಟೈಪ್ ಆಗಿತ್ತು. ತಾರೀಕಿನ ಜಾಗ ಮಾತ್ರ ಖಾಲಿ. ಸಹಿ ಹಾಕಿದರೆ ಗ್ರಾಚ್ಯುಟಿ ಜೊತೆ ಮೂರು ತಿಂಗಳ ಸಂಬಳ, ಇಲ್ಲದಿದ್ದರೆ ನೋಡುವ ಎಂದರು. ಆ ‘ನೋಡುವ’ ಎಂಬ ಮಾತಿನಲ್ಲಿ ಏನೆಲ್ಲ ಇರುತ್ತದೆ ಅಂತ 23 ವರ್ಷ ಕೆಲಸ ಮಾಡಿದವನಿಗೆ ಹೇಳಿಕೊಡಬೇಕಾಗಿಲ್ಲ. ಸಹಿ ಹಾಕಿದೆ. ಪೆನ್ ಕೂಡ ಅವರದ್ದೇ. ಹೊರಗೆ ಬಂದಾಗ ಕ್ಯಾಂಟೀನಿನ ಎದುರು ಪೈಂಟಿಂಗ್ ಸೆಕ್ಷನ್ನಿನ ಗೆಳೆಯ ಸಿಕ್ಕಿ, “ಎಂತಾಯ್ತು ಮಾರಾಯ?” ಎಂದ. “ಫಿಫೋ,” ಎಂದೆ. ಇಬ್ಬರೂ ನಕ್ಕೆವು. ಮೂಲ್ಕಿಯ ತನಕ ಬಸ್ಸಿನಲ್ಲಿ ನನಗೆ ನಗು ಬರುತ್ತಲೇ ಇತ್ತು. ಆಮೇಲೆ ನಿಂತಿತು.

ಆಗ ನನಗೆ 52. ಮಗಳು ಇಂಜಿನಿಯರಿಂಗ್ ಕೊನೆಯ ವರ್ಷ. ಗ್ರಾಚ್ಯುಟಿ ಅಂದರೆ ದುಡಿದ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕ. ಅದು ಮನೆ ಸಾಲಕ್ಕೂ ಅವಳ ಫೀಸಿಗೂ ಸರಿಹೋಯಿತು. ನಾನು ಹೆದರಿರಲಿಲ್ಲ. ಕೆಲಸ ಗೊತ್ತಿದ್ದವನಿಗೆ ಕೆಲಸಕ್ಕೇನು ಬರ ಅಂತ ಬೈಕಂಪಾಡಿಯಿಂದ ಯೆಯ್ಯಾಡಿವರೆಗೆ ಎಲ್ಲರಿಗೂ ಫೋನ್ ಮಾಡಿದೆ. ಎಲ್ಲರೂ ಚೆನ್ನಾಗಿಯೇ ಮಾತಾಡಿದರು. ಬಯೋಡೇಟಾ ಕಳಿಸಿ ಎಂದರು.

ಬಯೋಡೇಟಾ ಮಗಳು ಮಾಡಿಕೊಟ್ಟಳು. ಮೊದಲು ನಾಲ್ಕು ಪುಟ ಇತ್ತು. ಅವಳು ಒಂದು ಪುಟಕ್ಕೆ ಇಳಿಸಿದಳು. ಹುಟ್ಟಿದ ತಾರೀಕು ತೆಗೆದಳು. “ಬಿಕಾಂ ಮಾಡಿದ ವರ್ಷವೂ ಬೇಡ ಪಪ್ಪಾ, ಲೆಕ್ಕ ಹಾಕ್ತಾರೆ,” ಎಂದಳು. 1990 ಎಂಬ ನಾಲ್ಕು ಅಂಕೆ ಸ್ಕ್ರೀನ್ ಮೇಲಿಂದ ಹಿಂದೆ ಹಿಂದೆ ಅಳಿಸಿಹೋದದ್ದನ್ನು ಪಕ್ಕದಲ್ಲಿ ಕೂತು ನೋಡಿದೆ. ಅನುಭವ 23 ವರ್ಷ ಎಂಬುದು ‘15 ವರ್ಷಕ್ಕಿಂತ ಹೆಚ್ಚು’ ಎಂದಾಯಿತು. ಸುಳ್ಳಲ್ಲ. ಆದರೂ ಎಂಟು ವರ್ಷ ಎಲ್ಲೋ ಬಿದ್ದುಹೋದ ಹಾಗೆ.

ಮೊದಲ ಇಂಟರ್‌ವ್ಯೂಗೆ ತಲೆಗೆ ಡೈ ಹಾಕಿಕೊಂಡೆ. ಹೆಂಡತಿ ಹಳೆ ಟೂತ್‌ಬ್ರಶ್ ಹಿಡಿದು ಹಚ್ಚಿದಳು. ಮಾರ್ಚ್ ತಿಂಗಳು. ನಮ್ಮ ಊರಿನ ಮಾರ್ಚ್ ತಿಂಗಳ ಬೆವರು ಗೊತ್ತಲ್ಲ, ಫ್ಯಾನಿನ ಕೆಳಗೆ ಕೂತರೂ ಇಳಿಯುತ್ತದೆ. ಬಸ್ಸಿನಲ್ಲಿ ನಿಂತೇ ಹೋದೆ. ರಿಸೆಪ್ಷನ್ನಿನ ಗಾಜಿನಲ್ಲಿ ನೋಡಿಕೊಂಡರೆ ಕಿವಿಯ ಹಿಂದಿನಿಂದ ಒಂದು ಕಪ್ಪು ಗೆರೆ ಇಳಿದು ಬಿಳಿ ಕಾಲರಿಗೆ ತಾಗಿದೆ. ಒಳಗೆ ಕೂತ ಅರ್ಧ ಗಂಟೆಯೂ ನಾನು ಕತ್ತು ತಿರುಗಿಸಲಿಲ್ಲ. ಎದುರಿದ್ದ ಹುಡುಗ ಒಳ್ಳೆಯವನು. ಸ್ಯಾಪ್ ಗೊತ್ತಾ ಅಂತ ಕೇಳಿದ, ಗೊತ್ತು ಎಂದೆ. ಹಾನಾ? ಎಂದ. ಹಾನಾ ಅಂದರೆ ಸ್ಯಾಪ್‌ನ ಹೊಸ ಅವತಾರ. ನಮ್ಮಲ್ಲಿ ಬಂದಿರಲಿಲ್ಲ. ಒಂದು ವಾರದಲ್ಲಿ ಕಲಿಯುತ್ತೇನೆ ಎಂದೆ. ಅದು ನಿಜವೂ ಹೌದು. ಮಿಗೋ ಕಲಿಯಲು ಮೂರು ದಿನ ತಗೊಂಡವನು ನಾನು. ಅವನು ಬರೆದುಕೊಂಡ. ಎಷ್ಟು ಸಂಬಳ ನಿರೀಕ್ಷೆ ಮಾಡ್ತೀರಿ ಅಂತ ಕೇಳಿದ.

“ಎಷ್ಟಾದ್ರೂ ಪರವಾಗಿಲ್ಲ,” ಎಂದೆ.

ಅಲ್ಲಿ ತಪ್ಪಿತು. ಅವನ ಪೆನ್ ನಿಂತದ್ದು ಕಂಡಿತು. ಸಂಜೆ ಆರರ ಮೇಲೆ ಮೀನು ಮಾರ್ಕೆಟಿಗೆ ಹೋದವರಿಗೆ ಇದು ಗೊತ್ತಿರುತ್ತದೆ. ಬೆಳಗ್ಗೆ ಅವರು ಹೇಳಿದ ರೇಟಿಗೆ ಬಾಯಿ ಮುಚ್ಚಿ ತರುವ ಬಂಗುಡೆಯನ್ನು ಸಂಜೆ ಅರ್ಧ ರೇಟಿಗೆ ಕೊಡುತ್ತೇನೆ ಅಂದರೆ ನಾವು ಖುಷಿಪಡುವುದಿಲ್ಲ. ಬಗ್ಗಿ ಕಿವಿರು ಎತ್ತಿ ನೋಡುತ್ತೇವೆ. ನಾನು ರೇಟು ಇಳಿಸಿದ ಕಡೆಯಲ್ಲೆಲ್ಲ ನನ್ನ ಕಿವಿರು ಎತ್ತಿ ನೋಡಿದರು. ಇಳಿಸದ ಕಡೆ, ನಿಮ್ಮ ಅನುಭವಕ್ಕೆ ತಕ್ಕ ಪೋಸ್ಟ್ ನಮ್ಮಲ್ಲಿಲ್ಲ ಸರ್ ಎಂದರು. ಎರಡೂ ಕಡೆ ಚಹಾ ಕೊಟ್ಟರು. ವಯಸ್ಸಾಯಿತು ಅಂತ ಯಾರೂ ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು.

ಹೇಳಿದ್ದರೂ ತಪ್ಪಾಗುತ್ತಿರಲಿಲ್ಲ. ಅಮೆರಿಕದಲ್ಲಿ 40 ದಾಟಿದವರನ್ನು ವಯಸ್ಸಿನ ಕಾರಣಕ್ಕೆ ಕೆಲಸಕ್ಕೆ ಬೇಡ ಅನ್ನಬಾರದು ಅಂತ 1967ರಲ್ಲೇ ಕಾನೂನು ಮಾಡಿದ್ದಾರೆ. ಅಲ್ಲಿ ಅದು ಎಷ್ಟು ನಡೆಯುತ್ತದೋ ಬೇರೆ ಮಾತು. ನಮ್ಮ ಸಂವಿಧಾನದ 16ನೇ ವಿಧಿ ಸರಕಾರಿ ಕೆಲಸದಲ್ಲಿ ಧರ್ಮ, ಜಾತಿ, ಲಿಂಗ, ಹುಟ್ಟಿದ ಊರು ನೋಡಿ ಭೇದ ಮಾಡಬಾರದು ಎನ್ನುತ್ತದೆ. ಆ ಪಟ್ಟಿಯಲ್ಲಿ ವಯಸ್ಸು ಇಲ್ಲ. ಖಾಸಗಿಯವರಿಗಂತೂ ಕೇಳುವವರೇ ಇಲ್ಲ. ಹಂಪನಕಟ್ಟೆಯ ಬಸ್ ಸ್ಟಾಪಿನ ಕಂಬಕ್ಕೆ ಅಂಟಿಸಿದ ಚೀಟಿ ನೋಡಿ, ‘ಬೇಕಾಗಿದ್ದಾರೆ, 18ರಿಂದ 35’. ಮನೆ ಬಾಡಿಗೆಗೆ ಕೊಡುವವರು ಕೂಡ ಈಗ ಅಷ್ಟು ರಾಜಾರೋಷವಾಗಿ ಬರೆಯುವುದಿಲ್ಲ.

ಇದರ ನಡುವೆ ಮದುವೆ, ಕೋಲ, ಉಪನಯನ, ಉತ್ತರಕ್ರಿಯೆಯ ಬೊಜ್ಜ ಎಲ್ಲ ಬರುತ್ತವೆ. ನಮ್ಮ ಊರಿನಲ್ಲಿ ಊಟದ ಸಾಲಿನಲ್ಲಿ ನಿಂತಾಗ ಕೇಳುವ ಪ್ರಶ್ನೆ ಒಂದೇ. “ಇತ್ತೆ ಓಲು ಬೇಲೆ?” ಈಗ ಎಲ್ಲಿ ಕೆಲಸ? ಕೆಟ್ಟ ಮನಸ್ಸಿನಿಂದ ಕೇಳುವುದಲ್ಲ. ಮಳೆ ಹೇಗುಂಟು ಅಂತ ಕೇಳಿದ ಹಾಗೆ ಅದು. ಮೊದಲ ಆರು ತಿಂಗಳು ನಾನು ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೆ, ಬಿಟ್ಟೆ, ಬೇರೆ ನೋಡ್ತಾ ಇದ್ದೇನೆ ಅಂತ. ಕೇಳಿದವರು ಪಾಪ ತಮ್ಮ ಪರಿಚಯದವರ ಹೆಸರು ಹೇಳಿ ನಂಬರ್ ಕೊಡುತ್ತಿದ್ದರು. ಒಂದು ವರ್ಷದ ನಂತರ ಅದೇ ಉತ್ತರ ಕೇಳಿದಾಗ ಅವರ ಕಣ್ಣು ಬಫೆಯ ಕಡೆ ಹೋಗತೊಡಗಿತು. ಎರಡನೇ ವರ್ಷ ನಾನೇ ಸುಲಭ ಮಾಡಿಕೊಟ್ಟೆ. “ತೋಟ ನೋಡಿಕೊಂಡು ಆರಾಮ ಇದ್ದೇನೆ,” ಎಂದೆ. “ಒಳ್ಳೇದಾಯ್ತು ಮಾರಾಯ್ರೆ, ಸಾಕು ದುಡಿದದ್ದು!” ಎಂದು ಬೆನ್ನು ತಟ್ಟಿದರು. ಅವರಿಗೂ ಹಗುರ, ನನಗೂ ಹಗುರ.

ನಾನು ಕೆಲಸದಿಂದ ಹೊರಗೆ ಬಂದದ್ದು ರಾಜೀನಾಮೆಗೆ ಸಹಿ ಹಾಕಿದ ಗುರುವಾರ ಅಲ್ಲ. ಈ ಉತ್ತರ ಕೊಟ್ಟ ದಿನ. ಆ ದಿನ ಯಾವುದು ಅಂತ ಮಾತ್ರ ನೆನಪಿಲ್ಲ. ಯಾರದ್ದೋ ಮದುವೆ, ಪಾಯಸ ಚೆನ್ನಾಗಿತ್ತು.

ಯಕ್ಷಗಾನದ ಮೇಳದವರಿಗೆ ಪತ್ತನಾಜೆ ಅಂತ ಒಂದು ದಿನ ಉಂಟು. ತುಳುವಿನ ಬೇಷ ತಿಂಗಳ ಹತ್ತನೇ ದಿನ, ಮೇ ಕೊನೆಗೆ ಬರುತ್ತದೆ. ಆವತ್ತು ಆಟ ಮುಗಿಸಿ ಗೆಜ್ಜೆ ಬಿಚ್ಚುತ್ತಾರೆ. ಬ್ಯಾಂಕಿನವರಿಗೂ ಅಂಥ ದಿನ ಉಂಟು. ನಮ್ಮ ಜಿಲ್ಲೆಯಲ್ಲಿ ಬ್ಯಾಂಕಿನವರಿಗೇನು ಕಡಿಮೆ? ಕೆನರಾ, ಕಾರ್ಪೊರೇಷನ್ ಎರಡೂ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ 1931ರಲ್ಲಿ ಹುಟ್ಟಿದ್ದು ಇದೇ ಮಂಗಳೂರು ಉಡುಪಿಯಲ್ಲಿ. ಅದರಲ್ಲಿ ಮೂರು ಈಗ ಬೇರೆ ಬ್ಯಾಂಕಿನ ಹೊಟ್ಟೆಯಲ್ಲಿವೆ. ಆದರೂ ಬೆಳಗ್ಗೆ ಕದ್ರಿ ಪಾರ್ಕಿನಲ್ಲಿ ಕಲ್ಲೆಸೆದರೆ ಒಬ್ಬ ಬ್ಯಾಂಕ್ ರಿಟೈರ್ಡ್‌ಗೆ ತಾಗುತ್ತದೆ. ರಿಟೈರ್ಡ್ ಅನ್ನುವುದು ನಮ್ಮಲ್ಲಿ ಒಂದು ಪದವಿ. ಗೃಹಪ್ರವೇಶದ ಕಾಗದದಲ್ಲಿ ಹೆಸರಿನ ಮುಂದೆ ಹಾಕಿಸುತ್ತಾರೆ. ನನ್ನ ಹೆಸರಿನ ಮುಂದೆ ಏನು ಹಾಕುವುದು?

ಅಕ್ಕನ ಗಂಡ, ನನ್ನ ಭಾವ, ಸೌದಿಯ ದಮಾಮಿನಲ್ಲಿ 22 ವರ್ಷ ಸ್ಟೋರ್‌ಕೀಪರ್ ಆಗಿದ್ದರು. ಕೋವಿಡ್ ಸಮಯ ದುಬೈಯಿಂದ ಮಂಗಳೂರಿಗೆ ಮೊದಲ ವಿಮಾನ ಇಳಿದದ್ದು 2020ರ ಮೇ 12ಕ್ಕೆ. ಭಾವ ಅದರ ನಂತರದ ಯಾವುದೋ ವಿಮಾನದಲ್ಲಿ ಬಂದರು. ಎರಡು ಸೂಟ್‌ಕೇಸ್, 57 ವರ್ಷ. ಅಲ್ಲಿ ಪಿಎಫ್ ಇಲ್ಲ, ಪಿಂಚಣಿ ಇಲ್ಲ. ಕೈಗೆ ಬಂದದ್ದು ಮಗನ ಮದುವೆಗೆ ಹೋಯಿತು. ಈಗ ಬಿಜೈ ಹತ್ತಿರದ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿ. ಹನ್ನೆರಡು ಗಂಟೆ ಡ್ಯೂಟಿ. ಊರಿನಲ್ಲೇ ಕೆಲಸ ಸಿಗುತ್ತಿತ್ತು, ಬೇಡ ಅಂದರು. ಯಾರೂ ನೋಡಬಾರದು ಅಂತ 30 ಕಿಲೋಮೀಟರ್ ಬಸ್ಸಿನಲ್ಲಿ ಹೋಗುತ್ತಾರೆ. ಮನೆಯಿಂದ ಬಣ್ಣದ ಅಂಗಿ ಹಾಕಿ ಹೊರಡುವುದು, ಯೂನಿಫಾರ್ಮ್ ಗೇಟಿನ ಕ್ಯಾಬಿನ್ನಿನಲ್ಲಿ.

ಒಂದು ಭಾನುವಾರ ಊರಿನವರೇ ಒಬ್ಬರು ಆ ಅಪಾರ್ಟ್‌ಮೆಂಟಿಗೆ ಬಂದರು, ಮಗಳ ಮನೆಗೆ. ಭಾವ ತಲೆ ಎತ್ತದೆ ರಿಜಿಸ್ಟರ್ ಮುಂದೆ ತಳ್ಳಿ ಪೆನ್ ಕೊಟ್ಟರಂತೆ. ಬಂದವರು ಹೆಸರು ಬರೆದರು, ಫ್ಲಾಟ್ ನಂಬರ್ ಬರೆದರು, ಟೈಮ್ ಬರೆಯಲು ಗಡಿಯಾರ ನೋಡಬೇಕಲ್ಲ, ತಲೆ ಎತ್ತಿದರು. “ದಾನೆ ಭಾವ, ಮುಲ್ಪ?” ಏನು ಭಾವ, ಇಲ್ಲಿ? ಭಾವ ಹೇಳಿದ ಉತ್ತರ, “ಹೀಗೇ, ಟೈಮ್‌ಪಾಸ್‌ಗೆ.” ಹನ್ನೆರಡು ಗಂಟೆಯ ಟೈಮ್‌ಪಾಸ್! ನನಗೆ ಹೇಳುವಾಗ ಅವರೇ ಜೋರು ನಕ್ಕರು. ಸೆಕ್ಯೂರಿಟಿ ಏಜೆನ್ಸಿಗಳ 2005ರ ಕಾನೂನಿನಲ್ಲಿ ಗಾರ್ಡ್‌ಗೆ 65ರ ಮಿತಿ ಉಂಟು. ಭಾವನಿಗೆ ಈಗ 62. ಹಾಗಾಗಿ ನಮ್ಮ ಕುಟುಂಬದಲ್ಲಿ ರಿಟೈರ್ ಆಗುವ ತಾರೀಕು ಗೊತ್ತಿರುವುದು ಅವರೊಬ್ಬರಿಗೆ.

ಅಪ್ಪನಿಗೆ ಇಂಥ ಪೇಚಾಟ ಇತ್ತಾ ಅಂತ ಒಮ್ಮೊಮ್ಮೆ ಯೋಚಿಸುತ್ತೇನೆ. ಅಪ್ಪ ಹಂಚಿನ ಕಾರ್ಖಾನೆಯಲ್ಲಿದ್ದರು, ಹಂಚು ಸುಡುವ ಕಡೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪಿನಲ್ಲಿ ಮೊದಲ ಕಾರ್ಖಾನೆ ಹಾಕಿದ ಮೇಲೆ ನೇತ್ರಾವತಿ, ಗುರುಪುರ ನದಿಗಳ ಆವೆಮಣ್ಣಿನಿಂದ ಊರ ತುಂಬ ಹೊಗೆಕೊಳವೆ ಎದ್ದವು. ಆಮೇಲೆ ಟೆರೇಸ್ ಮನೆ ಬಂತು, ಹಂಚು ಕೇಳುವವರು ಕಡಿಮೆಯಾದರು, ಒಂದೊಂದೇ ಕೊಳವೆ ತಣ್ಣಗಾಯಿತು. ಅಪ್ಪನ ಕಾರ್ಖಾನೆ ಮುಚ್ಚಿದಾಗ ಅವರಿಗೆ 53. ಮನೆಗೆ ಬಂದರು, ಪಂಚೆ ಸುತ್ತಿದರು, ಗದ್ದೆಗೆ ಇಳಿದರು. ಅವರನ್ನು ಯಾರೂ ಏನೂ ಕೇಳಲಿಲ್ಲ. ಗದ್ದೆ ಇತ್ತು, ಕಳೆ ಇತ್ತು, ಎತ್ತು ಇತ್ತು. ನಿಜವಾಗಿ ಮನೆ ನಡೆದದ್ದು ಅಮ್ಮನ ಬೀಡಿಯಲ್ಲಿ. ಮಡಿಲಲ್ಲಿ ಮೊರ ಇಟ್ಟುಕೊಂಡು ರಾತ್ರಿ ಹತ್ತರವರೆಗೆ ಕಟ್ಟಿ ಬೆಳಗ್ಗೆ ಬ್ರಾಂಚಿಗೆ ಕೊಡುತ್ತಿದ್ದರು. ಅಮ್ಮನಿಗೆ ಕೆಲಸ ಬಿಡುವ ವಯಸ್ಸು ಅಂತ ಒಂದು ಇರಲೇ ಇಲ್ಲ. ಬೆರಳು ಮಡಚಲು ಆಗದ ದಿನ ಬಿಟ್ಟರು.

ಮಗಳು ಬೆಂಗಳೂರಿನಿಂದ ಒಮ್ಮೆ ಒಂದು ಲೇಖನ ಕಳಿಸಿದ್ದಳು. ಆಸ್ಟ್ರಿಯಾ ದೇಶದ ಮರಿಯೆಂಟಾಲ್ ಎಂಬ ಹಳ್ಳಿ. 1930ರ ಆಚೀಚೆ ಅಲ್ಲಿನ ಬಟ್ಟೆ ಗಿರಣಿ ಮುಚ್ಚಿ ಊರಿಗೆ ಊರೇ ಕೆಲಸ ಕಳೆದುಕೊಂಡಿತು. ನೋಡಲು ಬಂದ ಸಂಶೋಧಕರು ಕಿಟಕಿಯ ಹಿಂದೆ ನಿಂತು ಬೀದಿಯಲ್ಲಿ ಜನ ಎಷ್ಟು ವೇಗದಲ್ಲಿ ನಡೆಯುತ್ತಾರೆ ಅಂತ ಲೆಕ್ಕ ಹಾಕಿದರಂತೆ. ಗಂಡಸರು ನಿಂತು ನಿಂತು ಹೋಗುತ್ತಿದ್ದರು. ಹೆಂಗಸರು ನಿಲ್ಲುತ್ತಿರಲಿಲ್ಲ, ಅವರಿಗೆ ಮನೆಗೆಲಸ ಇತ್ತಲ್ಲ. ಹೊತ್ತು ಬೇಕಾದಷ್ಟಿದ್ದರೂ ಲೈಬ್ರರಿಯಿಂದ ಪುಸ್ತಕ ತಗೊಳ್ಳುವುದು ಕಡಿಮೆಯಾಗಿತ್ತು. ಅದನ್ನು ಓದಿ ನಾನು ಕಪಾಟಿನ ಕಡೆ ನೋಡಿದೆ. ಕೆಲಸದಲ್ಲಿದ್ದಾಗ ಬಸ್ಸಿನಲ್ಲೇ ತಿಂಗಳಿಗೆ ಎರಡು ಪುಸ್ತಕ ಮುಗಿಸುತ್ತಿದ್ದವನು ನಾನು. ಬಿಟ್ಟ ಮೇಲೆ ನಾಲ್ಕು ವರ್ಷದಲ್ಲಿ ಓದಿದ್ದು ಆರೋ ಏಳೋ. ಮರುದಿನ ಪೇಟೆಗೆ ಹೋಗುವಾಗ ಬೇಕೆಂದೇ ಜೋರು ನಡೆದೆ. ಸೋಡಾ ಅಂಗಡಿಯವರು ಕರೆದು, “ಏನಣ್ಣ, ಅರ್ಜೆಂಟಾ?” ಎಂದರು.

ಪಿಎಫ್ ಪಿಂಚಣಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹತ್ತು ವರ್ಷ ಕಟ್ಟಿದವರಿಗೆ 58ಕ್ಕೆ ಪಿಂಚಣಿ ಶುರು. ಬೇಕಾದರೆ 50ರಿಂದಲೇ ತಗೊಳ್ಳಬಹುದು, ಆದರೆ 58ಕ್ಕೆ ಎಷ್ಟು ವರ್ಷ ಕಡಿಮೆಯೋ ಅಷ್ಟು ಸಲ ಶೇಕಡಾ 4ರಂತೆ ಕತ್ತರಿ, ಅದೂ ಜೀವನಪೂರ್ತಿ. ಸಂಬಳ ಎಷ್ಟೇ ಇರಲಿ, ಲೆಕ್ಕ ಹಾಕುವುದು 15,000ದ ಮೇಲೆ. 2014ಕ್ಕಿಂತ ಮೊದಲಿನ ವರ್ಷಗಳಿಗೆ 6,500ರ ಮೇಲೆ. ನನ್ನ 23 ವರ್ಷವನ್ನು ಹಾಕಿ ಗುಣಿಸಿ ಭಾಗಿಸಿದರೆ 58ಕ್ಕೆ ತಿಂಗಳಿಗೆ ಮೂರು ಸಾವಿರದ ಆಚೆ ಈಚೆ ಬರುತ್ತದೆ. 52ಕ್ಕೇ ತಗೊಂಡಿದ್ದರೆ ಅದರಲ್ಲೂ ಹೆಚ್ಚು ಕಡಿಮೆ ಕಾಲು ಭಾಗ ಹೋಗುತ್ತಿತ್ತು. ಅದಕ್ಕೆ ಬೇಕಾದ 10ಡಿ ಫಾರಂ ಭರ್ತಿ ಮಾಡಿ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಮಗಳು ನಗುತ್ತಾಳೆ, ಅಷ್ಟು ಹಣಕ್ಕೆ ಎಂತ ಕಾಯುದು ಪಪ್ಪಾ ಅಂತ. ಹಣಕ್ಕಲ್ಲ. ಕೊಟ್ಟ ದಿನದಿಂದ ನಾನು ಪಿಂಚಣಿದಾರ. ಯಾರಾದರೂ ಫೋನ್ ಮಾಡಿ ನಾಳೆ ಬನ್ನಿ ಅಂದರೆ ಹೋಗಲು ಒಂದು ಕಾಲು ಹೊರಗೆ ಇರಲಿ ಅಂತ. ಆ ಫಾರಂನಲ್ಲೂ ತಾರೀಕಿನ ಜಾಗ ಖಾಲಿ.

ಸರ್ವೆಯ ಹುಡುಗನ ಕಥೆ ಅರ್ಧಕ್ಕೆ ಬಿಟ್ಟಿದ್ದೇನೆ. ನನಗೆ ಹತ್ತು ಹದಿನೈದು ನಿಮಿಷ ಒದ್ದಾಡಿದ ಮೇಲೆ ಅವನು ಮುಂದಿನ ಸಾಲಿಗೆ ಹೋದ. ಹೆಂಡತಿ ಚಹಾ, ಬಿಸ್ಕೂಟು ತಂದಿಟ್ಟಳು. “ಅಮ್ಮ ಮನೆಯಲ್ಲೇ ಅಲ್ವಾ?” ಎಂದ. ನನ್ನನ್ನು ನೋಡಿ ಕೇಳಿದ್ದು. ನಾನು ಹೌದು ಎಂದೆ. ಅವನ ಬೆರಳು 92ರ ಮೇಲೆ ಬಿತ್ತು. ಎರಡು ಸೆಕೆಂಡ್. ಅವನು ಚಹಾ ಕುಡಿದ, ತನ್ನದೂ ಕಾಂಟ್ರಾಕ್ಟ್ ಕೆಲಸವೇ ಸರ್, ಮುಂದಿನ ವರ್ಷ ಉಂಟೋ ಇಲ್ಲವೋ ಎಂದ, ರೈನ್‌ಕೋಟ್ ಹಾಕಿ ಹೋದ.

ಅವಳು ಲೋಟ ಎತ್ತಿಕೊಂಡು ಒಳಗೆ ಹೋಗುವಾಗ ಹೇಳಿದಳು, “ನಿಮ್ಮದು ಅಷ್ಟು ಹೊತ್ತು ಬರೆದ ಅಲ್ವಾ.”

ಅಷ್ಟೇ ಹೇಳಿದ್ದು. ನನಗೆ ಮಾತು ಹೊರಡಲಿಲ್ಲ. ಅವಳು 14 ವರ್ಷ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್ ಆಗಿದ್ದಳು. ಅನುದಾನ ಇಲ್ಲದ ಶಾಲೆ. ಸಂಬಳ ಕೊನೆಗೆ 7,500. ಪಿಎಫ್ ಇಲ್ಲ, ಗ್ರಾಚ್ಯುಟಿ ಕೇಳಬಹುದು ಅಂತ ನಮಗಿಬ್ಬರಿಗೂ ಹೊಳೆಯಲೇ ಇಲ್ಲ. ಬೀದಿ ಬೀದಿಗೆ ಇಂಗ್ಲಿಷ್ ಮೀಡಿಯಂ ಶಾಲೆಯ ವ್ಯಾನ್ ಬರತೊಡಗಿದ ಮೇಲೆ ಮಕ್ಕಳು ಕಡಿಮೆಯಾಗುತ್ತಾ ಹೋಗಿ 2019ರಲ್ಲಿ ಏಳು ಜನ ಉಳಿದರು. ಶಾಲೆ ಮುಚ್ಚಿತು. ಬೀಳ್ಕೊಡುಗೆಗೆ ಒಂದು ಸ್ಟೀಲ್ ಡಬ್ಬಿ ಕೊಟ್ಟರು, ಅದರಲ್ಲಿ ಈಗ ಸಕ್ಕರೆ ಇದೆ. ಅವಳಿಗೆ ಆಗ 46. ನನಗೆ ಕೆಲಸ ಹೋದಾಗ ಮನೆಗೆ ನೆಂಟರು ಬಂದರು, ಫೋನ್ ಬಂತು, ಅತ್ತೆ ದೇವಸ್ಥಾನಕ್ಕೆ ಹರಕೆ ಹೇಳಿಕೊಂಡರು. ಅವಳದ್ದು ಹೋದಾಗ ನಾನೇ ಏನು ಹೇಳಿದ್ದೆ ಗೊತ್ತಾ? “ಒಳ್ಳೇದಾಯ್ತು, ಇನ್ನು ಸ್ವಲ್ಪ ರೆಸ್ಟ್ ಮಾಡು.”

ಈಗ ಎಲ್ಲಿ ಕೆಲಸ ಅಂತ ಅವಳನ್ನು ಆರು ವರ್ಷದಲ್ಲಿ ಯಾರೂ ಯಾವ ಮದುವೆಯಲ್ಲೂ ಕೇಳಿಲ್ಲ.

ಮುಂದಿನ ತಿಂಗಳು ಹುಡುಗ ಮತ್ತೆ ಬಂದ. ಒಮ್ಮೆ ಆಯ್ಕೆಯಾದ ಮನೆಗೆ ನಾಲ್ಕು ತಿಂಗಳು ಸತತ ಬರುತ್ತಾರಂತೆ. ಮಳೆ ನಿಂತಿತ್ತು, ಅಂಗಳದಲ್ಲಿ ಬಿಸಿಲು. ಟ್ಯಾಬ್ ತೆರೆದು, “ಸರ್, ಕಳೆದ 7 ದಿನ...” ಅಂತ ಶುರು ಮಾಡಿದ. ಹೆಂಡತಿ ಸೆರಗಿಗೆ ಕೈ ಒರೆಸುತ್ತಾ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು. ಬಂದವರ ಎದುರು ಅವಳು ಸಾಮಾನ್ಯವಾಗಿ ಕೂರುವುದಿಲ್ಲ.

“ಈ ಸಲ ನನ್ನದು ಮೊದಲು ಬರೀ ಮಗಾ,” ಎಂದಳು.

ಹುಡುಗ ನನ್ನ ಮುಖ ನೋಡಿದ. ನಾನು ತೋಟದ ಕಡೆ ನೋಡಿದೆ.

“ನಿಮ್ಮದು... ಮನೆಯಲ್ಲೇ ಅಲ್ವಾ ಅಮ್ಮ?”

“ಮನೆಯಲ್ಲೇ. ನೀನು ಇವರಿಗೆ ಒಂದು ಕೇಳಿದ್ಯಲ್ಲ, ಸಿಕ್ಕಿದ್ರೆ ಮಾಡ್ತೀರಾ ಅಂತ. ಅದನ್ನು ನನಗೂ ಕೇಳು.”

ಅವನು ಟ್ಯಾಬಿನಲ್ಲಿ ಮೇಲೆ ಕೆಳಗೆ ಜಾರಿಸಿ ಜಾಗ ಹುಡುಕಿದ. ಆಮೇಲೆ ನೆಟ್ಟಗೆ ಕೂತು, ಪರೀಕ್ಷೆಗೆ ಕೂತವನ ಹಾಗೆ ಕೇಳಿದ, “ಕೆಲಸ ಸಿಕ್ಕಿದ್ರೆ ಮಾಡ್ತೀರಾ ಅಮ್ಮ?”

“ಮಾಡ್ತೇನೆ. ಮೂರರಿಂದ ಏಳನೇ ಕ್ಲಾಸ್ ತನಕ. ಗಣಿತ ಮತ್ತೆ ಕನ್ನಡ. ಬರ್ಕೊಂಡ್ಯಾ?”

“ಅದಕ್ಕೆ ಇದ್ರಲ್ಲಿ ಜಾಗ ಇಲ್ಲಮ್ಮ.”

“ಪರವಾಗಿಲ್ಲ, ಬದಿಯಲ್ಲಿ ಎಲ್ಲಾದ್ರೂ ಬರಿ,” ಎಂದಳು. ಅವನು ಕಿಸೆಯಿಂದ ಒಂದು ಪೆನ್ ತೆಗೆದು, ಬರೆಯಲು ಕಾಗದ ಹುಡುಕತೊಡಗಿದ.